ಲಿನಕ್ಸ್ ಸೆಕ್ಯೂರಿಟಿ ಟೂಲ್ ಕಟ್ಟುವುದು, ನೋಡಿಕೊಳ್ಳುವುದು: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಬೇಲೂರು, ಚಿಕ್ಕಮಗಳೂರು ಕಡೆಯ ನಾವು ಕೆಲವರು ಸೇರಿ ಒಂದು ಚಿಕ್ಕ ಓಪನ್ ಸೋರ್ಸ್ ಟೂಲ್ ನೋಡಿಕೊಳ್ಳುತ್ತೇವೆ. ಲಿನಕ್ಸ್ ಸಿಸ್ಟಮ್‌ನಲ್ಲಿ ಯಾವ ಫೈಲು ಬದಲಾಯಿತು, ಯಾರು ಲಾಗಿನ್ ಆಗಲು ನೋಡಿದರು ಅನ್ನುವುದನ್ನು ಗಮನಿಸಿ ಹೇಳುವುದು ಅದರ ಕೆಲಸ. ಎಲ್ಲರೂ ಕೇಳಿದ್ದನ್ನೇ ಕೇಳುತ್ತಾರೆ, ನಾವೂ ಹೇಳಿದ್ದನ್ನೇ ಹೇಳುತ್ತೇವೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇವೆ. ಪ್ರಶ್ನೆಗಳನ್ನು ಜನ ಕೇಳಿದ ಧಾಟಿಯಲ್ಲೇ ಬಿಟ್ಟಿದ್ದೇವೆ.

## ಸರಳವಾಗಿ ಹೇಳಿ, ಈ ಟೂಲ್ ಏನು ಮಾಡುತ್ತದೆ?

ಮೊದಲ ಸಲ ಓಡಿಸಿದಾಗ ಸಿಸ್ಟಮ್‌ನ ಮುಖ್ಯ ಫೈಲುಗಳ ಪಟ್ಟಿ ಮಾಡುತ್ತದೆ. ಪ್ರತಿ ಫೈಲಿಗೂ ಒಂದು ಎಸ್‌ಎಚ್‌ಎ-256 ಹ್ಯಾಶ್ (ಫೈಲಿನಲ್ಲಿ ಒಂದಕ್ಷರ ಬದಲಾದರೂ ಬದಲಾಗುವ, ಬೆರಳಚ್ಚಿನಂಥ ಸಂಖ್ಯೆ), ಅದು ಯಾರ ಹೆಸರಲ್ಲಿದೆ, ಪರ್ಮಿಷನ್ ಏನು ಅನ್ನುವುದನ್ನು ಬರೆದಿಡುತ್ತದೆ. ಇದಕ್ಕೆ ಬೇಸ್‌ಲೈನ್ ಅನ್ನುತ್ತೇವೆ. ಆಮೇಲೆ ದಿನಾ ಹೋಲಿಸಿ ನೋಡಿ, ವ್ಯತ್ಯಾಸ ಕಂಡರೆ ಮೇಲ್ ಕಳಿಸುತ್ತದೆ.

ಕಾಫಿ ಗೋಡೌನಿನಲ್ಲಿ ಮೂಟೆ ಎಣಿಸಿ ಪುಸ್ತಕದಲ್ಲಿ ಬರೆದಿಡುತ್ತಾರಲ್ಲ, ಹಾಗೇ. ಆ ಪುಸ್ತಕವನ್ನೂ ಅದೇ ಗೋಡೌನಿನೊಳಗೆ ಇಟ್ಟು ಬೀಗ ಹಾಕಿ ಹೋದರೆ, ನುಗ್ಗಿದವನು ಮೂಟೆಯನ್ನೂ ಒಯ್ಯುತ್ತಾನೆ, ಲೆಕ್ಕವನ್ನೂ ತಿದ್ದುತ್ತಾನೆ. ಹಾಗಾಗಿ ಬೇಸ್‌ಲೈನಿನ ಒಂದು ಪ್ರತಿ ಬೇರೆ ಕಂಪ್ಯೂಟರಿನಲ್ಲೋ ಪೆನ್‌ಡ್ರೈವಿನಲ್ಲೋ ಇರಲೇಬೇಕು. ಇನ್‌ಸ್ಟಾಲ್ ಮಾಡುವವರಲ್ಲಿ ಜಾಸ್ತಿ ಜನ ಮರೆಯುವುದು ಇದನ್ನೇ.

ಐಡಿಯಾ ಹೊಸದೇನಲ್ಲ. ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿಯಲ್ಲಿ ಜೀನ್ ಕಿಮ್ ಮತ್ತು ಜೀನ್ ಸ್ಪ್ಯಾಫರ್ಡ್ 1992ರಲ್ಲೇ ಇದೇ ಕೆಲಸದ ಟ್ರಿಪ್‌ವೈರ್ ಅನ್ನುವ ಟೂಲ್ ಮಾಡಿದ್ದರು.

## ಅಂದ್ರೆ ಇದು ಆಂಟಿವೈರಸ್ ಅಲ್ವಾ?

ಅಲ್ಲ. ಆಂಟಿವೈರಸ್ ಒಂದು ಫೈಲನ್ನು ನೋಡಿ ಅದು ಕೆಟ್ಟದ್ದೋ ಅಲ್ಲವೋ ಅಂತ ತೀರ್ಮಾನಿಸುತ್ತದೆ. ನಮ್ಮದು ಬದಲಾಯಿತು ಅಂತ ಮಾತ್ರ ಹೇಳುತ್ತದೆ, ಅದು ಒಳ್ಳೆಯದೋ ಕೆಟ್ಟದ್ದೋ ನೀವು ನೋಡಬೇಕು. ಆಂಟಿವೈರಸ್ಸೇ ಬೇಕು ಅಂದರೆ ಕ್ಲ್ಯಾಮ್‌ಎವಿ ಇದೆ, ಅದೂ ಓಪನ್ ಸೋರ್ಸ್.

## ಏಡ್, ಲೈನಿಸ್, ಫೇಲ್‌2ಬ್ಯಾನ್ ಎಲ್ಲಾ ಇರುವಾಗ ಇನ್ನೊಂದು ಟೂಲ್ ಯಾಕೆ ಬೇಕಿತ್ತು?

ನ್ಯಾಯವಾದ ಪ್ರಶ್ನೆ. ನಿಮಗೆ ಸರ್ವರ್ ನೋಡಿಕೊಂಡು ಅಭ್ಯಾಸ ಇದ್ದರೆ ನಮ್ಮ ಟೂಲ್ ಬೇಡ, ಏಡ್ ಹಾಕಿಕೊಳ್ಳಿ. ಅದೂ ಫೈಲು ಬದಲಾದದ್ದನ್ನು ಹೇಳುವ ಟೂಲೇ, 1999ರಿಂದ ಇದೆ, ಚೆನ್ನಾಗಿ ಪಳಗಿದೆ. ಲೈನಿಸ್ ಸಿಸ್ಟಮ್ ಪೂರ್ತಿ ತಪಾಸಣೆ ಮಾಡಿ ಎಲ್ಲೆಲ್ಲಿ ಸಡಿಲ ಇದೆ ಅಂತ ಪಟ್ಟಿ ಕೊಡುತ್ತದೆ. ಫೇಲ್‌2ಬ್ಯಾನ್ ಲಾಗ್ (ಸಿಸ್ಟಮ್ ಬರೆದಿಡುವ ದಿನಚರಿ) ಓದಿ, ಪಾಸ್‌ವರ್ಡ್ ಊಹಿಸುತ್ತಿರುವ ಐಪಿಗಳನ್ನು (ನೆಟ್ ವಿಳಾಸಗಳನ್ನು) ತಡೆಯುತ್ತದೆ. ಮೂರನ್ನೂ ನಾವೇ ಬಳಸುತ್ತೇವೆ.

ನಮ್ಮ ಟೂಲ್ ಇರುವುದು ಬೇರೆಯವರಿಗೆ. ಒಂದು ಸಹಕಾರ ಸಂಘದಲ್ಲಿ ಇರುವ ಒಂದೇ ಒಂದು ಕಂಪ್ಯೂಟರು, ಎಸ್ಟೇಟ್ ಆಫೀಸಿನಲ್ಲಿ ಸಂಬಳದ ಲೆಕ್ಕ ಇಟ್ಟಿರುವ ಹಳೆ ಡೆಸ್ಕ್‌ಟಾಪು, ಶಾಲೆಯ ಲ್ಯಾಬು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸೆಕ್ಯೂರಿಟಿ ಚಿಪ್ ಬೇಕು, ಹಳೆ ಮಷೀನ್‌ಗಳಲ್ಲಿ ಅದಿಲ್ಲ. ಹಾಗಾಗಿ ಸುಮಾರು ಜನ ಉಬುಂಟು, ಮಿಂಟ್ ಅನ್ನುವ ಲಿನಕ್ಸ್‌ಗಳ ಕಡೆ ಬಂದಿದ್ದಾರೆ. ಅವರಿಗೆ ಕನ್ನಡದಲ್ಲಿ ಅರ್ಥವಾಗುವ ಅಲರ್ಟ್ ಬೇಕು, ನೆಟ್ ಇಲ್ಲದಿದ್ದರೂ ಕೆಲಸ ಮಾಡಬೇಕು, ಕಾನ್ಫಿಗ್ ಫೈಲು ಒಂದು ಪುಟ ದಾಟಬಾರದು.

## ಕೋಡ್ ಎಲ್ಲರಿಗೂ ಕಾಣುತ್ತೆ ಅಂದ್ರೆ ಕಳ್ಳರಿಗೂ ಕಾಣುತ್ತಲ್ಲ ಸರ್?

ಕಾಣುತ್ತದೆ. ಕಳ್ಳನಿಗೆ ಕೋಡ್ ಕಾಣದಿದ್ದರೂ ಬೈನರಿಯನ್ನು (ಕಂಪ್ಯೂಟರ್ ಓಡಿಸುವ ಸಿದ್ಧ ಫೈಲನ್ನು) ಬಿಚ್ಚಿ ನೋಡುವುದು ಗೊತ್ತು. ಕೋಡ್ ಮುಚ್ಚಿಟ್ಟರೆ ಕಷ್ಟವಾಗುವುದು ಒಳ್ಳೆ ಉದ್ದೇಶದಿಂದ ನೋಡುವವರಿಗೇ.

ಹಾಗಂತ ಓಪನ್ ಸೋರ್ಸ್ ಅಂದ ತಕ್ಷಣ ಸಾವಿರ ಜನ ಕೂತು ಓದುತ್ತಿದ್ದಾರೆ ಅಂತ ನಂಬಬೇಡಿ. ಸುಡೊ ಅಂದರೆ ಸಾಮಾನ್ಯ ಬಳಕೆದಾರನಿಗೆ ರೂಟ್ (ಸಿಸ್ಟಮ್‌ನ ಪೂರ್ತಿ ಅಧಿಕಾರ) ಕೊಡುವ, ಹೆಚ್ಚುಕಡಿಮೆ ಪ್ರತಿ ಲಿನಕ್ಸಿನಲ್ಲೂ ಇರುವ ಕಮಾಂಡು. ಅದರೊಳಗೆ 2011ರಲ್ಲಿ ಸೇರಿಕೊಂಡ ಒಂದು ತೂತು ಹೊರಗೆ ಬಂದದ್ದು 2021ರ ಜನವರಿಯಲ್ಲಿ. ಡೆಬಿಯನ್ ಅನ್ನುವ ಲಿನಕ್ಸಿನದು ಇನ್ನೂ ವಿಚಿತ್ರ. ಒಂದು ಪರೀಕ್ಷಾ ಟೂಲ್ ಎಚ್ಚರಿಕೆ ಕೊಡುತ್ತಿದೆ ಅಂತ 2006ರಲ್ಲಿ ಓಪನ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಷನ್ ಲೈಬ್ರರಿ) ಕೋಡಿನ ಸಾಲುಗಳನ್ನು ತೆಗೆದರು. ಆ ಸಾಲುಗಳೇ ಕೀ ಮಾಡಲು ಬಳಸುವ ಯಾದೃಚ್ಛಿಕ (ಊಹಿಸಲಾಗದ) ಸಂಖ್ಯೆಗೆ ಬೇಕಾದ ಸರಕು ತುಂಬುತ್ತಿದ್ದವು. ಪರಿಣಾಮ ಏನಾಯಿತು ಅಂದರೆ, ಒಂದು ಬಗೆಯ ಪ್ರೊಸೆಸರಿನಲ್ಲಿ ಒಂದು ಅಳತೆಯ ಕೀ ಮಾಡಿದರೆ ಬರಬಹುದಾದ ಕೀಗಳೇ ಒಟ್ಟು ಸುಮಾರು 33 ಸಾವಿರ ಮಾತ್ರ, ಅಷ್ಟನ್ನೂ ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ತಿರುಗಿಸಿ ನೋಡಬಹುದಿತ್ತು. ಗೊತ್ತಾಗಿದ್ದು 2008ರ ಮೇ ತಿಂಗಳಲ್ಲಿ. ಸುಮಾರು ಎರಡು ವರ್ಷ ಕೋಡ್ ಎಲ್ಲರ ಕಣ್ಣೆದುರಿಗೇ ಇತ್ತು.

ಓದಲು ಅವಕಾಶ ಇರುವುದು ಒಂದು, ಯಾರೋ ಕೂತು ಓದುವುದು ಇನ್ನೊಂದು. ಎರಡನೆಯದು ಸಂಬಳ ಇಲ್ಲದ, ಬೇಜಾರು ಹಿಡಿಸುವ ಕೆಲಸ. ನಮಗೆ ಜನ ಬೇಕಿರುವುದು ಅದಕ್ಕೇ.

## ಎಕ್ಸ್‌ಝಡ್ ಕಥೆ ಏನು? ಎಲ್ಲರೂ ಅದನ್ನೇ ಹೇಳ್ತಾರೆ.

ಹೇಳಲೇಬೇಕಾದ ಕಥೆ. ಎಕ್ಸ್‌ಝಡ್ ಅಂದರೆ ಫೈಲು ಕುಗ್ಗಿಸುವ ಒಂದು ಚಿಕ್ಕ ಲೈಬ್ರರಿ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಹೆಚ್ಚುಕಡಿಮೆ ಒಬ್ಬರೇ. 2021ರಲ್ಲಿ ಜಿಯಾ ಟ್ಯಾನ್ ಅನ್ನುವ ಹೆಸರಿನಲ್ಲಿ ಯಾರೋ ಬಂದು ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸಲು ಶುರು ಮಾಡಿದರು. ಒಳ್ಳೆ ಪ್ಯಾಚ್‌ಗಳೇ. ಅದೇ ಹೊತ್ತಿಗೆ ಬೇರೆ ಬೇರೆ ಹೆಸರಿನವರು ಬಂದು, ಕೆಲಸ ನಿಧಾನ ಆಗ್ತಿದೆ, ಇನ್ನೊಬ್ಬರಿಗೆ ಅಧಿಕಾರ ಕೊಡಿ ಅಂತ ಮೇಂಟೇನರ್ ಮೇಲೆ ಒತ್ತಡ ಹಾಕಿದರು. ಮೇಂಟೇನರ್, ಅಂದರೆ ನೋಡಿಕೊಳ್ಳುತ್ತಿದ್ದವರು, ಆಗಲೇ ದಣಿದಿದ್ದರು, ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದರು. ಕೊನೆಗೆ ಜಿಯಾ ಟ್ಯಾನ್‌ಗೆ ಬಿಡುಗಡೆ ಮಾಡುವ ಅಧಿಕಾರ ಸಿಕ್ಕಿತು.

2024ರ ಫೆಬ್ರವರಿಯಲ್ಲಿ 5.6.0, ಮಾರ್ಚಿನಲ್ಲಿ 5.6.1 ಬಂತು. ಎರಡರಲ್ಲೂ ಹಿಂಬಾಗಿಲು ಇತ್ತು. ಕೆಟ್ಟ ಕೋಡನ್ನು ಟೆಸ್ಟ್ ಫೈಲುಗಳ ಒಳಗೆ ಬಚ್ಚಿಟ್ಟಿದ್ದರು. ಅದನ್ನು ಬಿಚ್ಚಿ ಬಿಲ್ಡ್‌ಗೆ (ಕೋಡಿನಿಂದ ಬೈನರಿ ಮಾಡುವ ಕೆಲಸಕ್ಕೆ) ಸೇರಿಸುವ ಸ್ಕ್ರಿಪ್ಟು, ಕೋಡು ಮತ್ತು ಅದರ ಎಲ್ಲ ಬದಲಾವಣೆಗಳನ್ನು ಇಡುವ ಗಿಟ್‌ನಲ್ಲಿ ಇರಲಿಲ್ಲ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಕೋಡನ್ನು ಒಟ್ಟಿಗೆ ಕಟ್ಟಿದ ಗಂಟು) ಮಾತ್ರ ಇತ್ತು. ಗಿಟ್ ನೋಡಿದವರಿಗೆ ಆ ಸ್ಕ್ರಿಪ್ಟು ಕಾಣುತ್ತಿರಲಿಲ್ಲ.

ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್. ಅವರು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನ ಡೆವಲಪರ್, ಎಕ್ಸ್‌ಝಡ್‌ಗೂ ಅವರಿಗೂ ಸಂಬಂಧ ಇರಲಿಲ್ಲ. ಬೇರೇನೋ ಅಳೆಯುತ್ತಿದ್ದಾಗ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿನೊಳಗೆ ಹೋಗುವ ದಾರಿ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಇರಲಿ ಬಿಡು ಅನ್ನಲಿಲ್ಲ, ಬೆನ್ನು ಹತ್ತಿದರು. ಮಾರ್ಚ್ 29ಕ್ಕೆ ಜಗತ್ತಿಗೆ ತಿಳಿಸಿದರು. ಅಷ್ಟರಲ್ಲಿ ಅದು ಡೆಬಿಯನ್‌ನ ಪರೀಕ್ಷಾ ಆವೃತ್ತಿ ಸೇರಿತ್ತು. ಎಲ್ಲರೂ ಬಳಸುವ ಸ್ಟೇಬಲ್ ಆವೃತ್ತಿಗೆ ಬಂದಿರಲಿಲ್ಲ, ಬಚಾವ್.

ಇದನ್ನೆಲ್ಲ ಇಷ್ಟುದ್ದ ಹೇಳಲು ಕಾರಣ ಇದೆ. ಹೊಸಬರು ಬಂದು, ಅಣ್ಣ ನಾನು ಆರು ತಿಂಗಳಿಂದ ಪ್ಯಾಚ್ ಕಳಿಸ್ತಿದೀನಿ, ನನಗ್ಯಾಕೆ ಇನ್ನೂ ಬಿಡುಗಡೆ ಮಾಡೋ ಅಧಿಕಾರ ಕೊಟ್ಟಿಲ್ಲ ಅಂತ ಮುನಿಸಿಕೊಳ್ಳುತ್ತಾರೆ. ನಿಮ್ಮ ಮೇಲೆ ಅನುಮಾನ ಅಂತಲ್ಲ. ಯಾರೇ ಬಂದರೂ ನಾವು ಮುಖತಃ ಭೇಟಿಯಾಗದೆ ಕೊಡುವುದಿಲ್ಲ. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕಾಫಿ ಕುಡಿಯಲು ಬನ್ನಿ, ಮಾತಾಡೋಣ. ದೂರದವರಿಗೆ ಇದು ಅನ್ಯಾಯ ಅನ್ನಿಸಬಹುದು, ಒಪ್ಪುತ್ತೇವೆ. ಆದರೂ ಬದಲಾಯಿಸುವುದಿಲ್ಲ.

## ಬಿಡುಗಡೆ ಹೇಗೆ ಮಾಡ್ತೀರಿ ಹಾಗಾದ್ರೆ?

ಟಾರ್‌ಬಾಲನ್ನು ಕೈಯಲ್ಲಿ ಮಾಡುವುದಿಲ್ಲ, ಗಿಟ್ ಟ್ಯಾಗಿನಿಂದಲೇ ಮಾಡುತ್ತೇವೆ. ಇಬ್ಬರು ಬೇರೆ ಬೇರೆ ಮಷೀನಿನಲ್ಲಿ ಬಿಲ್ಡ್ ಮಾಡುತ್ತಾರೆ. ಎರಡರ ಹ್ಯಾಶ್ ಒಂದೇ ಬಂದರೆ ಮಾತ್ರ ಸಹಿ ಹಾಕಿ ಹೊರಗೆ ಬಿಡುತ್ತೇವೆ. ಹ್ಯಾಶ್ ಒಂದೇ ಬರುವುದು ಅಂದುಕೊಂಡಷ್ಟು ಸುಲಭ ಅಲ್ಲ. ಬಿಲ್ಡ್ ಮಾಡಿದ ಸಮಯ, ಡೈರೆಕ್ಟರಿ ಹೆಸರು, ಫೈಲುಗಳ ಕ್ರಮ, ಒಂದೊಂದೂ ಬೈನರಿಯೊಳಗೆ ನುಸುಳುತ್ತದೆ. ಸಮಯದ ತಲೆನೋವಿಗೆ ಸೋರ್ಸ್ ಡೇಟ್ ಎಪೊಕ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ. ಡೆಬಿಯನ್‌ನವರು ಈ ರಿಪ್ರೊಡ್ಯೂಸಿಬಲ್ ಬಿಲ್ಡ್ ಕೆಲಸವನ್ನು ವರ್ಷಗಳಿಂದ ಮಾಡಿಕೊಂಡು ಬಂದಿದ್ದಾರೆ, ನಾವು ಅವರ ಹಾದಿಯಲ್ಲೇ ನಡೆಯುತ್ತಿದ್ದೇವೆ.

ಸಹಿಯ ಕೀ ಹಾರ್ಡ್‌ವೇರ್ ಟೋಕನ್‌ನಲ್ಲಿದೆ. ಒಬ್ಬರ ಹತ್ತಿರ ಮಾತ್ರ ಇಲ್ಲ, ಇಬ್ಬರ ಹತ್ತಿರ ಇದೆ. ಮನುಷ್ಯರು ಅಂದಮೇಲೆ ಜ್ವರ ಬರುತ್ತದೆ, ಮದುವೆ ಮನೆ ಇರುತ್ತದೆ, ಅಲ್ವಾ.

## ಇದಕ್ಕೆ ರೂಟ್ ಪರ್ಮಿಷನ್ ಯಾಕೆ ಕೊಡಬೇಕು? ಭಯ ಆಗುತ್ತೆ.

ಭಯ ಆಗಲೇಬೇಕು. ಸೆಕ್ಯೂರಿಟಿ ಟೂಲ್‌ಗಳ ದೊಡ್ಡ ತಮಾಷೆ ಇದೇ. ಸಿಸ್ಟಮ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಅಧಿಕಾರ ಇಟ್ಟುಕೊಂಡು, ಎಲ್ಲಕ್ಕಿಂತ ಕೊಳಕು ಫೈಲುಗಳನ್ನು ಮುಟ್ಟುವುದು ಇವೇ. 2023ರ ಫೆಬ್ರವರಿಯಲ್ಲಿ ಕ್ಲ್ಯಾಮ್‌ಎವಿಯಲ್ಲೇ ಒಂದು ತೂತು ಸಿಕ್ಕಿತು, ಅದರ ಸಿವಿಇ (ತೂತುಗಳಿಗೆ ಕೊಡುವ ಗುರುತಿನ ನಂಬರ್) ಸಿವಿಇ-2023-20032. ಹಳೆ ಮ್ಯಾಕ್ ಡಿಸ್ಕ್ ಇಮೇಜುಗಳನ್ನು ಓದುವ ಭಾಗದಲ್ಲಿ ಇತ್ತು. ಬೇಕಂತಲೇ ಕೆಡಿಸಿದ ಒಂದು ಫೈಲನ್ನು ಸ್ಕ್ಯಾನ್ ಮಾಡಿಸಿದರೆ ಸಾಕು, ಕಳ್ಳನ ಕೋಡು ಓಡಬಹುದಿತ್ತು. ಕಳ್ಳನನ್ನು ಹುಡುಕಲು ಹೋದ ಟೂಲೇ ಬಾಗಿಲು ತೆಗೆದುಕೊಟ್ಟ ಹಾಗಾಯಿತು.

ನಮ್ಮ ಟೂಲ್ ಎರಡು ತುಂಡಾಗಿದೆ. ಫೈಲು ಓದುವ ತುಂಡಿಗೆ ಪೂರ್ತಿ ರೂಟ್ ಇಲ್ಲ. ಎಲ್ಲ ಫೈಲುಗಳನ್ನು ಓದುವ ಒಂದೇ ಒಂದು ಕೇಪಬಿಲಿಟಿ (ರೂಟ್ ಅಧಿಕಾರದ ಒಂದು ತುಣುಕು) ಇದೆ, ಬರೆಯುವ ಅಧಿಕಾರ ಇಲ್ಲ, ನೆಟ್‌ವರ್ಕ್ ಇಲ್ಲವೇ ಇಲ್ಲ. ಅಂದರೆ ಅದನ್ನು ಯಾರಾದರೂ ವಶ ಮಾಡಿಕೊಂಡರೂ ಓದಿದ್ದನ್ನು ಹೊರಗೆ ಕಳಿಸಲು ನೇರ ದಾರಿ ಇಲ್ಲ. ಮೇಲ್ ಕಳಿಸುವ ತುಂಡು ಬೇರೆ, ಅದಕ್ಕೆ ನೆಟ್‌ವರ್ಕ್ ಇದೆ, ಫೈಲು ಕಾಣುವುದಿಲ್ಲ. ಎರಡರ ನಡುವೆ ಒಂದು ಪೈಪು. ಆ ಪೈಪಿನಲ್ಲಿ ಹೋಗುವ ಸಂದೇಶದ ಆಕಾರ ಮೊದಲೇ ನಿಗದಿ, ಬೇರೇನಾದರೂ ಬಂದರೆ ಮೇಲ್ ತುಂಡು ಸುಮ್ನೆ ನಿಂತುಬಿಡುತ್ತದೆ. ಓಪನ್‌ಎಸ್‌ಎಸ್‌ಎಚ್‌ನವರು 2002ರಲ್ಲೇ ಹೀಗೆ ಅಧಿಕಾರ ಒಡೆದು ಹಂಚುವುದನ್ನು ತಂದಿದ್ದರು, ನಾವು ಅದರಿಂದ ಕಲಿತದ್ದು.

ಇದಕ್ಕೆ ಬೇಕಾದ ಸಾಮಾನೆಲ್ಲ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲೇ ಇದೆ. ಯಾವ ಸಿಸ್ಟಮ್ ಕಾಲ್ (ಪ್ರೋಗ್ರಾಮು ಕರ್ನಲ್‌ಗೆ ಮಾಡುವ ಬೇಡಿಕೆ) ಮಾಡಬಹುದು ಅಂತ ಕಟ್ಟುಹಾಕುವ ಸೆಕ್‌ಕಾಂಪ್ 2005ರಿಂದ ಇದೆ. ಯಾವ ಡೈರೆಕ್ಟರಿ ಮುಟ್ಟಬಹುದು ಅಂತ ಪ್ರೋಗ್ರಾಮು ತನಗೆ ತಾನೇ ಬೇಲಿ ಹಾಕಿಕೊಳ್ಳುವ ಲ್ಯಾಂಡ್‌ಲಾಕ್ 2021ರಲ್ಲಿ, ಕರ್ನಲ್ 5.13ರಲ್ಲಿ ಬಂತು. ಕೋಡ್ ಬರೆಯಲು ಬಾರದವರಿಗೂ ದಾರಿ ಇದೆ. ಸಿಸ್ಟಮ್‌ಡಿ ಯೂನಿಟ್ ಫೈಲಿನಲ್ಲಿ (ಪ್ರೋಗ್ರಾಮನ್ನು ಹೇಗೆ ಓಡಿಸಬೇಕು ಅಂತ ಬರೆದ ಫೈಲು) ಪ್ರೈವೇಟ್ ನೆಟ್‌ವರ್ಕ್, ಪ್ರೊಟೆಕ್ಟ್ ಸಿಸ್ಟಮ್, ನೋ ನ್ಯೂ ಪ್ರಿವಿಲೇಜಸ್ ಅನ್ನುವ ಮೂರು ಸಾಲು ಹಾಕಿದರೇ ಅರ್ಧ ಕೆಲಸ ಆಗುತ್ತದೆ. ಯಾರು ಯಾವ ಹೊಸ ಟೂಲ್ ತಂದು ತೋರಿಸಿದರೂ ನಾವು ಮೊದಲು ನೋಡುವುದು ಆ ಯೂನಿಟ್ ಫೈಲನ್ನು.

## ಸಿ, ರಸ್ಟ್, ಪೈಥಾನ್, ಶೆಲ್ - ಯಾವುದರಲ್ಲಿ ಬರೀಬೇಕು?

ಜಗಳ ಹಚ್ಚುವ ಪ್ರಶ್ನೆ. ಹೊರಗಿನಿಂದ ಬಂದ ಫೈಲನ್ನು ಬಿಡಿಸಿ ಓದುವ ಕೋಡಾದರೆ ರಸ್ಟ್‌ನಲ್ಲಿ ಬರೆಯಿರಿ. ಸಿಯಲ್ಲಿ ಬರೆಯಲೇಬೇಕಾದರೆ ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪು ಹಿಡಿಯುವುದು) ಹಾಕಿ, ಫಜರ್‌ಗೆ (ಅಡ್ಡಾದಿಡ್ಡಿ ಇನ್‌ಪುಟ್ ಕೊಟ್ಟು ನೋಡುವ ಟೂಲ್) ಒಪ್ಪಿಸಿ ರಾತ್ರಿಯಿಡೀ ಓಡಲು ಬಿಡಿ. ಚಿಕ್ಕಪುಟ್ಟ ತಪಾಸಣೆಗೆ ಶೆಲ್ ಸಾಕು, ಲೈನಿಸ್ ಪೂರ್ತಿ ಶೆಲ್‌ನಲ್ಲೇ ಇದೆ. ಚಾಲ್ತಿಯಲ್ಲಿರುವ ಟೂಲನ್ನು ಭಾಷೆ ಇಷ್ಟವಿಲ್ಲ ಅಂತ ಮೊದಲಿಂದ ಬರೆಯಲು ಹೊರಟವರನ್ನು ಮಾತ್ರ ನಾವು ದೂರದಿಂದಲೇ ನೋಡುತ್ತೇವೆ.

## ಕನ್ನಡದ ಫೈಲ್ ಹೆಸರು ಇದ್ದರೆ ಏನೇನೋ ನಂಬರ್ ಬರುತ್ತೆ, ಯಾಕೆ?

ಇದು ನಮಗೆ ಇಷ್ಟದ ಪ್ರಶ್ನೆ. ಬೇರೆ ದೇಶದ ಟೂಲ್‌ಗಳನ್ನು ಬರೆಯುವವರಿಗೆ ಇದು ತಲೆಗೇ ಬರುವುದಿಲ್ಲ.

ಎಸ್ಟೇಟ್ ಕಂಪ್ಯೂಟರಿನಲ್ಲಿ "ತೋಟದ ಲೆಕ್ಕ" ಅನ್ನುವ ಫೈಲು ಇದೆ ಅನ್ನಿ. ಟರ್ಮಿನಲ್‌ನಲ್ಲಿ ನೋಡಿದರೆ ಸರಿಯಾಗಿ ಕಾಣುತ್ತದೆ. ಅದೇ ಕ್ರಾನ್‌ನಿಂದ (ಹೊತ್ತಿಗೆ ಸರಿಯಾಗಿ ಕೆಲಸಗಳನ್ನು ತಾನಾಗೇ ಓಡಿಸುವುದು) ಬಂದ ಮೇಲ್‌ನಲ್ಲಿ \340\262\244\340\263\213 ಅಂತ ಶುರುವಾಗುತ್ತದೆ. ಅದು "ತೋ" ಅಷ್ಟೇ, ಯುಟಿಎಫ್-8ರ (ಅಕ್ಷರಗಳನ್ನು ಬೈಟುಗಳಾಗಿ ಇಡುವ ಪದ್ಧತಿ) ಬೈಟುಗಳನ್ನು ಆಕ್ಟಲ್‌ನಲ್ಲಿ, ಎಂಟರ ಲೆಕ್ಕದಲ್ಲಿ ಬರೆದದ್ದು. ಕ್ರಾನ್ ಓಡುವಾಗ ನಿಮ್ಮ ಕನ್ನಡ ಲೊಕೇಲ್ (ಭಾಷೆಯ ಸೆಟ್ಟಿಂಗ್) ಎಷ್ಟೋ ಸಲ ಅದಕ್ಕೆ ಸಿಗುವುದಿಲ್ಲ, ಬರೀ ಸಿ ಅನ್ನುವ ಮೂಲ ಲೊಕೇಲ್ ಇರುತ್ತದೆ. ಆಗ ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ) ಅಲ್ಲದ್ದನ್ನೆಲ್ಲ ಕೆಲವು ಕಮಾಂಡ್‌ಗಳು ಹೀಗೆ ತೋರಿಸುತ್ತವೆ.

ಇದು ಬರೀ ನೋಡಲು ಕೆಟ್ಟದಾಗಿದ್ದರೆ ಪರವಾಗಿರಲಿಲ್ಲ. ಲೊಕೇಲ್ ಬದಲಾದರೆ ಸಾರ್ಟ್ ಮಾಡುವ ಕ್ರಮವೂ ಬದಲಾಗುತ್ತದೆ. ಬೇಸ್‌ಲೈನನ್ನು ನೀವು ಟರ್ಮಿನಲ್‌ನಲ್ಲಿ ಕೂತು ಮಾಡಿರುತ್ತೀರಿ, ದಿನದ ಹೋಲಿಕೆ ಕ್ರಾನ್‌ನಲ್ಲಿ ನಡೆಯುತ್ತದೆ, ಎರಡೂ ಪಟ್ಟಿ ಬೇರೆ ಬೇರೆ ಕ್ರಮದಲ್ಲಿ ಇರುತ್ತವೆ, ಹೋಲಿಸುವ ಕಮಾಂಡು ತಬ್ಬಿಬ್ಬಾಗಿ ಇರುವ ಫೈಲನ್ನೂ ಇಲ್ಲ ಅನ್ನುತ್ತದೆ. ಔಷಧಿ ಒಂದೇ: ಸ್ಕ್ರಿಪ್ಟಿನ ಮೊದಲಲ್ಲೇ ಎಲ್‌ಸಿ ಆಲ್ (LC_ALL) ಅನ್ನುವ ಲೊಕೇಲ್ ಸೆಟ್ಟಿಂಗನ್ನು ಸಿ (C) ಎಂದು ಕಟ್ಟಿಹಾಕಿ. ಕನ್ನಡ ಅಕ್ಷರ ತೋರಿಸುವುದನ್ನು ಕೊನೆಯಲ್ಲಿ, ಮೇಲ್ ಬರೆಯುವ ತುಂಡಿಗೆ ಬಿಡಿ. ಹೆಸರಿನ ನಡುವೆ ಜಾಗ ಇರುತ್ತದೆ, ಕೆಲವೊಮ್ಮೆ ಹೊಸ ಸಾಲೂ ಇರಬಹುದು. ಹಾಗಾಗಿ ಪಟ್ಟಿಯಲ್ಲಿ ಹೆಸರುಗಳನ್ನು ಬೇರೆ ಮಾಡಲು ಸೊನ್ನೆ ಬೈಟ್ ಬಳಸಿ. ಫೈಲ್ ಹೆಸರಿನಲ್ಲಿ ಬರಲಾರದ್ದು ಅಂದರೆ ಆ ಸೊನ್ನೆ ಬೈಟ್ ಮತ್ತು ಸ್ಲ್ಯಾಷ್, ಇವೆರಡೇ.

ಇನ್ನೂ ಒಂದಿದೆ. "ತೋ" ಬರೆಯಲು ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ದಾರಿ. ತ ಆದಮೇಲೆ ಓತ್ವದ ಒಂದೇ ಚಿಹ್ನೆ ಹಾಕಬಹುದು. ಇಲ್ಲವೇ ಎತ್ವ, ಊತ್ವದ ಕೊಂಬು, ದೀರ್ಘ ಅಂತ ಮೂರು ಚಿಹ್ನೆ ಬಿಡಿಬಿಡಿಯಾಗಿ ಹಾಕಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್ ಲೆಕ್ಕದಲ್ಲಿ ಮೊದಲನೆಯ ಚಿಹ್ನೆ 3 ಬೈಟ್, ಎರಡನೆಯದು 9. ಹಳೆ ಮ್ಯಾಕ್‌ಗಳ ಫೈಲ್ ಸಿಸ್ಟಮ್ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಂಥ ಮ್ಯಾಕ್‌ನಿಂದ ಕಾಪಿಯಾಗಿ ಬಂದ "ತೋಟದ ಲೆಕ್ಕ"ಕ್ಕೂ ಇಲ್ಲೇ ಟೈಪ್ ಮಾಡಿದ "ತೋಟದ ಲೆಕ್ಕ"ಕ್ಕೂ ಲಿನಕ್ಸ್ ಪ್ರಕಾರ ಸಂಬಂಧವೇ ಇಲ್ಲ. ಟೂಲ್ ಒಂದು ಫೈಲು ಕಳೆದಿದೆ, ಒಂದು ಹೊಸದು ಬಂದಿದೆ ಅನ್ನುತ್ತದೆ, ಎರಡರ ಹೆಸರೂ ಒಂದೇ ತರ ಕಾಣುತ್ತದೆ, ನೀವು ತಲೆ ಕೆರೆದುಕೊಳ್ಳುತ್ತೀರಿ.

ಎರಡನ್ನೂ ಒಂದೇ ಅಂತ ಟೂಲೇ ಸರಿ ಮಾಡಿಕೊಳ್ಳಬಾರದಾ ಅಂತ ಕೇಳುತ್ತಾರೆ. ಬೇಡ. ಕಳ್ಳನೂ ಇದೇ ಉಪಾಯ ಮಾಡಿ, ನಿಮ್ಮ ಫೈಲಿನ ಪಕ್ಕದಲ್ಲೇ ಅದೇ ತರ ಕಾಣುವ ಇನ್ನೊಂದನ್ನು ಇಡಬಹುದು. ಬೈಟ್ ಬೇರೆ ಅಂದರೆ ಫೈಲು ಬೇರೆ. ಅಂಥ ಜೋಡಿ ಕಂಡಾಗ ಎರಡರ ಬೈಟುಗಳನ್ನೂ ತೋರಿಸಿ ಬೇರೆಯಾಗಿಯೇ ಎಚ್ಚರಿಸುತ್ತೇವೆ.

## ಅಪ್‌ಡೇಟ್ ಆದ ರಾತ್ರಿ ಮೇಲ್ ಸುರಿಯುತ್ತೆ. ನೋಡೋದೇ ಬಿಟ್ಟಿದೀನಿ.

ಹೀಗೆ ನೋಡುವುದು ಬಿಟ್ಟರೆ ಟೂಲ್ ಇದ್ದೂ ಇಲ್ಲದ ಹಾಗೆ. ಸುಳ್ಳು ಅಲರ್ಟ್ ಕಡಿಮೆ ಮಾಡುವುದಕ್ಕೇ ನಮ್ಮ ಹೆಚ್ಚಿನ ಸಮಯ ಹೋಗುತ್ತದೆ. ಹೊಸ ಫೀಚರ್ ಬರೆಯುವುದು ಅಪರೂಪ.

ಸುಲಭದ ದಾರಿ ಅಂದರೆ ಅಪ್‌ಡೇಟ್ ಮುಗಿದ ತಕ್ಷಣ ಬೇಸ್‌ಲೈನನ್ನು ತಾನಾಗೇ ಹೊಸದು ಮಾಡುವುದು. ಆದರೆ ಆ ಹೊತ್ತಿನಲ್ಲೇ ಯಾರಾದರೂ ಕೈ ಆಡಿಸಿದ್ದರೆ ಅದೂ ಸರಿ ಅಂತ ದಾಖಲಾಗುತ್ತದೆ. ನಾವು ನಡುವಿನ ದಾರಿ ಹಿಡಿದಿದ್ದೇವೆ. ಬದಲಾದ ಫೈಲು ಯಾವ ಪ್ಯಾಕೇಜಿಗೆ ಸೇರಿದ್ದು ಅಂತ ಹುಡುಕಿ, ಆ ಪ್ಯಾಕೇಜೇ ಹೇಳುವ ಚೆಕ್‌ಸಮ್ (ಹ್ಯಾಶ್) ಜೊತೆ ಹೊಂದಿದರೆ ಒಂದೇ ಸಾಲಿನಲ್ಲಿ "ಇಂಥ ಪ್ಯಾಕೇಜ್ ಅಪ್‌ಡೇಟ್ ಆಗಿದೆ" ಅನ್ನುತ್ತೇವೆ. ಹೊಂದದೇ ಇದ್ದದ್ದು ಮಾತ್ರ ಮೇಲೆ, ದಪ್ಪಕ್ಷರದಲ್ಲಿ. ಡೆಬಿಯನ್ ಪ್ಯಾಕೇಜುಗಳಲ್ಲಿರುವ ಆ ಚೆಕ್‌ಸಮ್ ಎಂಡಿ5 ಅನ್ನುವ ಬಗೆಯದು, ಹಳೆಯದು, ಮತ್ತು ಅದೇ ಡಿಸ್ಕಿನಲ್ಲಿ ಇರುತ್ತದೆ. ಆದ್ದರಿಂದ ಅದನ್ನು ಗಲಾಟೆ ಕಡಿಮೆ ಮಾಡಲು ಬಳಸುತ್ತೇವೆ, ಸಾಕ್ಷಿ ಅಂತ ನಂಬುವುದಿಲ್ಲ.

## ಮಳೆಗಾಲದಲ್ಲಿ ಕರೆಂಟ್ ಹೋಗಿ ಬೇಸ್‌ಲೈನೇ ಹಾಳಾಗಲ್ವಾ?

ಮೂಡಿಗೆರೆ, ಸಕಲೇಶಪುರ ಕಡೆಯವರು ಕೇಳುವ ಪ್ರಶ್ನೆ. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ಯುಪಿಎಸ್ ಎಷ್ಟು ಹೊತ್ತು ತಡೆದೀತು. ಅದಕ್ಕೆ ಹಳೆ ಬೇಸ್‌ಲೈನಿನ ಮೇಲೆ ಎಂದೂ ಬರೆಯುವುದಿಲ್ಲ. ಹೊಸದನ್ನು ಪಕ್ಕದಲ್ಲಿ ಬೇರೆ ಹೆಸರಿನಲ್ಲಿ ಬರೆದು, ಎಫ್‌ಸಿಂಕ್ ಮಾಡಿ ಡಿಸ್ಕಿಗೆ ಇಳಿದಿದೆ ಅಂತ ಖಚಿತವಾದ ಮೇಲೆ ಹೆಸರು ಬದಲಾಯಿಸುತ್ತೇವೆ, ಆಮೇಲೆ ಡೈರೆಕ್ಟರಿಗೂ ಒಂದು ಎಫ್‌ಸಿಂಕ್. ನಡುವೆ ಕರೆಂಟ್ ಹೋದರೆ ಹಳೆಯದಾದರೂ ಇರುತ್ತದೆ, ಅರ್ಧಂಬರ್ಧ ಮಾತ್ರ ಇರುವುದಿಲ್ಲ.

ಹಳೆ ಮದರ್‌ಬೋರ್ಡಿನ ಬ್ಯಾಟರಿ ಸತ್ತಿದ್ದರೆ ಗಡಿಯಾರ ಹಿಂದಕ್ಕೆ ಹೋಗಿಬಿಡುತ್ತದೆ, ಲಾಗಿನ ತಾರೀಕುಗಳೆಲ್ಲ ಚೆಲ್ಲಾಪಿಲ್ಲಿ. ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರುಗಳಲ್ಲಿ, ಪೈ 5ಕ್ಕಿಂತ ಹಿಂದಿನವುಗಳಲ್ಲಿ ಅಂಥ ಗಡಿಯಾರವೇ ಇಲ್ಲ. ಮದರ್‌ಬೋರ್ಡಿನ ಬ್ಯಾಟರಿ ಬದಲಾಯಿಸಿ, ದೊಡ್ಡ ಖರ್ಚೇನಲ್ಲ.

## ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಹ್ಯಾಕಿಂಗ್ ಕಲೀಬೇಕು. ಎಲ್ಲಿಂದ ಶುರು ಮಾಡ್ಲಿ ಅಕ್ಕ?

ಹಾಸನದ, ಚಿಕ್ಕಮಗಳೂರಿನ ಕಾಲೇಜುಗಳಿಂದ ಈ ಮೆಸೇಜ್ ಸೆಮಿಸ್ಟರ್ ಶುರುವಾದಾಗಲೆಲ್ಲ ಬರುತ್ತದೆ. ಮೊದಲು ಟೂಲನ್ನು ನಿಮ್ಮ ಲ್ಯಾಪ್‌ಟಾಪಿನ ವರ್ಚುವಲ್ ಮಷೀನಿನಲ್ಲಿ ಸೋರ್ಸ್‌ನಿಂದ ಬಿಲ್ಡ್ ಮಾಡಿ. ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ. ಸಿಕ್ಕಿಕೊಂಡ ಜಾಗವನ್ನು ನಮ್ಮ ಕೈಪಿಡಿಯಲ್ಲಿ ಸರಿಯಾಗಿ ಬರೆದು ಕಳಿಸಿ, ಅದೇ ನಿಮ್ಮ ಮೊದಲ ಪ್ಯಾಚ್. ಆಮೇಲೆ ಹಳೆ ಬಗ್ ವರದಿಗಳನ್ನು ಓದಿ, ನಿಮ್ಮ ಮಷೀನಿನಲ್ಲಿ ಅದು ಈಗಲೂ ಆಗುತ್ತದಾ ನೋಡಿ. ಆಗುವುದಿಲ್ಲ ಅಂದರೆ ಗಿಟ್ ಬೈಸೆಕ್ಟ್ ಮಾಡಿ (ಹಳೆ ಬದಲಾವಣೆಗಳನ್ನು ಅರ್ಧರ್ಧ ಮಾಡುತ್ತಾ ಹುಡುಕಿ) ಯಾವ ಕಮಿಟ್‌ನಲ್ಲಿ, ಅಂದರೆ ಯಾವ ಬದಲಾವಣೆಯಲ್ಲಿ ಸರಿಯಾಯಿತು ಅಂತ ಹೇಳಿ. ಕೋಡ್ ಒಂದು ಸಾಲೂ ಬರೆಯದೆ ನಮಗೆ ಇದರಿಂದ ಆಗುವ ಉಪಕಾರ ದೊಡ್ಡದು.

ಸಿಸ್ಟಮ್ ಕಾಲ್ ಅಂದರೇನು, ಪರ್ಮಿಷನ್ ಬಿಟ್‌ಗಳು ಹೇಗೆ ಕೆಲಸ ಮಾಡುತ್ತವೆ ಅನ್ನುವುದು ಗೊತ್ತಿಲ್ಲದೆ ಹ್ಯಾಕಿಂಗ್ ಕೋರ್ಸಿಗೆ ಬೆಂಗಳೂರಿಗೆ ಹೋಗಿ ದುಡ್ಡು ಸುರಿಯಬೇಡಿ. ಸಿಸ್ಟಮ್ ಕಾಲ್‌ಗಳನ್ನು ತೋರಿಸುವ ಎಸ್‌ಟ್ರೇಸ್ ಬಿಟ್ಟಿ ಸಿಗುತ್ತದೆ. ಒಂದು ಸಾಮಾನ್ಯ ಕಮಾಂಡನ್ನು ಅದರ ಕೆಳಗೆ ಓಡಿಸಿ, ಸಾಲು ಸಾಲಾಗಿ ಓದಿ.

## ನಮ್ಮ ಕಾಲೇಜಿನ ಸರ್ವರ್ ಮೇಲೆ ಟೆಸ್ಟ್ ಮಾಡಿ ನೋಡಬಹುದಾ? ಸುಮ್ನೆ ಕುತೂಹಲಕ್ಕೆ.

ಬೇಡ. ಲಿಖಿತ ಒಪ್ಪಿಗೆ ಇಲ್ಲದೆ ಬೇರೆಯವರ ಸಿಸ್ಟಮ್ ಮುಟ್ಟಿದರೆ ಐಟಿ ಕಾಯ್ದೆ 2000ರ ಸೆಕ್ಷನ್ 43 ಬರುತ್ತದೆ, ದುರುದ್ದೇಶ ಅಂತಾದರೆ ಸೆಕ್ಷನ್ 66. ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕುತೂಹಲ ಅಂತ ಹೇಳಿದರೆ ಪೊಲೀಸರು ತಲೆ ಸವರಿ ಕಳಿಸುವುದಿಲ್ಲ. ನಿಮ್ಮದೇ ಮಷೀನಿನಲ್ಲಿ ಏನು ಬೇಕಾದರೂ ಮಾಡಿ.

## ನಿಮ್ಮ ಟೂಲ್‌ನಲ್ಲೇ ಒಂದು ತೂತು ಸಿಕ್ಕಿದೆ. ಗ್ರೂಪಿನಲ್ಲಿ ಹಾಕ್ಲಾ?

ದಯವಿಟ್ಟು ಗ್ರೂಪಿನಲ್ಲಿ ಹಾಕಬೇಡಿ. ರೆಪೊಸಿಟರಿಯ ಸೆಕ್ಯೂರಿಟಿ ಫೈಲಿನಲ್ಲಿ ಖಾಸಗಿ ವಿಳಾಸ ಇದೆ, ಅಲ್ಲಿಗೆ ಬರೆಯಿರಿ. ಯಾವ ಆವೃತ್ತಿ, ಏನು ಮಾಡಿದರೆ ಏನಾಗುತ್ತದೆ, ಸಾಧ್ಯವಾದರೆ ಒಂದು ಚಿಕ್ಕ ಉದಾಹರಣೆ. ನಾವು ಸರಿ ಮಾಡಿ, ನಿಮ್ಮ ಹೆಸರು ಹಾಕಿ, ಒಟ್ಟಿಗೆ ಪ್ರಕಟಿಸೋಣ. ಇದಕ್ಕೆ 90 ದಿನ ಅನ್ನುವುದು ಈಗ ರೂಢಿಯಾಗಿದೆ. ಗೂಗಲ್‌ನ ಪ್ರಾಜೆಕ್ಟ್ ಝೀರೊ ಅದನ್ನು ಬಳಕೆಗೆ ತಂದಿತು. 90 ದಿನವಾದರೂ ನಾವು ಬಾಯಿ ಬಿಡದಿದ್ದರೆ ನೀವು ಬಹಿರಂಗ ಮಾಡಿ, ತಪ್ಪಿಲ್ಲ. ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೂ ತಿಳಿಸಬಹುದು, ಸಿವಿಇ ನಂಬರ್ ಕೊಡುವ ಅಧಿಕಾರ ಅವರಿಗೂ ಇದೆ.

ಲಾಗ್ ಓದುವ ಭಾಗದಲ್ಲಿ ಹುಡುಕಿ, ಅಲ್ಲೇ ಸಿಗುವ ಸಾಧ್ಯತೆ ಜಾಸ್ತಿ. ಲಾಗಿನ್ ಹೆಸರಿನ ಜಾಗದಲ್ಲಿ ಏನು ಬೇಕಾದರೂ ಟೈಪ್ ಮಾಡಬಹುದು, ಅದು ಹಾಗೇ ಲಾಗ್‌ಗೆ ಹೋಗುತ್ತದೆ. ಕಳ್ಳ ಲಾಗಿನ ಸಾಲಿನ ಹಾಗೇ ಕಾಣುವ ಹೆಸರು ಕೊಟ್ಟು, ಅದರೊಳಗೆ ನಿಮ್ಮ ಮನೆಯ ಐಪಿ ಸೇರಿಸಿದರೆ, ಎಚ್ಚರವಿಲ್ಲದ ಟೂಲ್ ನಿಮ್ಮನ್ನೇ ಹೊರಗೆ ಹಾಕುತ್ತದೆ.

## ಎಐ ಕೇಳಿ ಬಗ್ ಹುಡುಕಿಸಿ ಕಳಿಸಬಹುದಾ?

ನೀವೇ ಓಡಿಸಿ ನೋಡಿ ನಿಜ ಅಂತ ಖಚಿತ ಮಾಡಿಕೊಂಡಿದ್ದರೆ ಕಳಿಸಿ. ಎಐ ಹೇಳಿದ್ದನ್ನು ಹಾಗೇ ಅಂಟಿಸಿದ ವರದಿಗಳಲ್ಲಿ ಇಲ್ಲದ ಫಂಕ್ಷನ್ ಹೆಸರು, ಇಲ್ಲದ ಸಾಲಿನ ನಂಬರು ಇರುತ್ತದೆ, ಇಂಗ್ಲಿಷ್ ಮಾತ್ರ ಬಹಳ ಚೆನ್ನಾಗಿರುತ್ತದೆ. ಕರ್ಲ್ ಅನ್ನುವ ಡೌನ್‌ಲೋಡ್ ಟೂಲ್ ನೋಡಿಕೊಳ್ಳುವ ಡೇನಿಯಲ್ ಸ್ಟೆನ್‌ಬರ್ಗ್ 2024ರ ಶುರುವಿನಲ್ಲೇ ಈ ಕಾಟದ ಬಗ್ಗೆ ಬರೆದಿದ್ದರು. ಅಂಥವನ್ನು ಉತ್ತರ ಕೊಡದೆ ಮುಚ್ಚುತ್ತೇವೆ.

## ದುಡ್ಡು ಬರುತ್ತಾ?

ಇಲ್ಲ. ದೊಡ್ಡವರಿಗೂ ಬರುತ್ತಿರಲಿಲ್ಲ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ತೂತು ಹೊರಬಂದಾಗ, ಅರ್ಧ ಇಂಟರ್‌ನೆಟ್ಟೇ ಓಪನ್‌ಎಸ್‌ಎಸ್‌ಎಲ್ ಮೇಲೆ ನಿಂತಿದೆ, ಆದರೆ ಅದಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2000 ಡಾಲರ್ ಅನ್ನುವುದು ಎಲ್ಲರಿಗೂ ಗೊತ್ತಾಯಿತು. ಆಮೇಲೆ ದೊಡ್ಡ ಕಂಪನಿಗಳು ಸ್ವಲ್ಪ ಕೈ ಬಿಚ್ಚಿದವು. ಈಗ ನಮ್ಮ ದೇಶದಲ್ಲೂ ದಾರಿ ಇದೆ. 2024ರಲ್ಲಿ ಝೆರೋಧಾದವರು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕೊಡುವ ಫ್ಲಾಸ್ ಫಂಡ್ ಶುರು ಮಾಡಿದರು. ಫಾಸ್ ಯುನೈಟೆಡ್ ಕೂಡ ಸಹಾಯಧನ ಕೊಡುತ್ತದೆ. ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ, ಹೊಸಬರಿಗೆ ಅದು ಒಳ್ಳೆಯದು.

ಸಂಘದವರು, ಎಸ್ಟೇಟಿನವರು ಎಷ್ಟು ಕೊಡಬೇಕು ಅಂತ ಕೇಳುತ್ತಾರೆ. ಏನೂ ಬೇಡ. ಒಂದು ಹಳೆ ಲ್ಯಾಪ್‌ಟಾಪ್ ಇದ್ದರೆ ಕೊಡಿ, ಹಳೆ ಹಾರ್ಡ್‌ವೇರ್ ಮೇಲೆ ಟೆಸ್ಟ್ ಮಾಡಲು ಯಾವಾಗಲೂ ಬೇಕು.

## ನವೆಂಬರಿಂದ ಮಾರ್ಚ್‌ವರೆಗೆ ಯಾರೂ ಉತ್ತರ ಕೊಡಲ್ಲ, ಯಾಕೆ?

ಕೊಯ್ಲು. ಮೊದಲು ಅರೇಬಿಕಾ, ಅದರ ಬೆನ್ನಿಗೇ ರೋಬಸ್ಟಾ. ನಮ್ಮಲ್ಲಿ ಕೆಲವರ ಮನೆಯಲ್ಲಿ ತೋಟ ಇದೆ. ಹಗಲೆಲ್ಲ ಕಣದಲ್ಲಿ ಇದ್ದು, ರಾತ್ರಿ ಬೇರೆಯವರ ಕೋಡನ್ನು ನಿದ್ದೆಗಣ್ಣಿನಲ್ಲಿ ಓದಿ ಒಪ್ಪಿಗೆ ಕೊಡುವುದಕ್ಕಿಂತ ತಡ ಆಗುವುದೇ ವಾಸಿ. ಸೆಕ್ಯೂರಿಟಿ ವಿಳಾಸಕ್ಕೆ ಬಂದದ್ದನ್ನು ಮಾತ್ರ ಸರದಿ ಮೇಲೆ ಯಾರಾದರೂ ಒಬ್ಬರು ದಿನಾ ನೋಡುತ್ತಾರೆ. ಪ್ಯಾಚ್ ಕಳಿಸಿ ಉತ್ತರ ಬರಲಿಲ್ಲ ಅಂದರೆ ಒಂದು ಸಲ ನೆನಪಿಸಿ. ದಿನಾ ನೆನಪಿಸಿದರೆ ಎಕ್ಸ್‌ಝಡ್ ಕಥೆ ನೆನಪಾಗಿ ನಮಗೆ ಅನುಮಾನ ಶುರುವಾಗುತ್ತದೆ.

## ಮುಂದೆ ನೀವೆಲ್ಲ ಬಿಟ್ಟುಬಿಟ್ಟರೆ?

ಅದಕ್ಕೂ ಬರೆದಿಟ್ಟಿದ್ದೇವೆ. ನೋಡಿಕೊಳ್ಳುವವರು ಒಬ್ಬರಿಗಿಂತ ಹೆಚ್ಚಿಲ್ಲ ಅಂತಾದರೆ, ಹೊಸ ಬಿಡುಗಡೆ ನಿಲ್ಲಿಸಿ ಮೊದಲ ಪುಟದಲ್ಲೇ ದೊಡ್ಡದಾಗಿ ಹಾಕುತ್ತೇವೆ. ಟೂಲ್ ಓಡಿದಾಗಲೆಲ್ಲ ಅದೇ ಎಚ್ಚರಿಕೆ ಬರುವ ಹಾಗೆ ಒಂದು ಕೊನೆಯ ಆವೃತ್ತಿ ಬಿಡುತ್ತೇವೆ, ಏಡ್‌ಗೆ ಬದಲಾಗುವುದು ಹೇಗೆ ಅನ್ನುವ ಕನ್ನಡದ ಟಿಪ್ಪಣಿ ಅದರ ಜೊತೆ ಇರುತ್ತದೆ. ಗುರುತಿಲ್ಲದವರ ಕೈಗೆ ಕೀ ಕೊಟ್ಟು ಹೋಗುವುದಿಲ್ಲ. ಕೋಡ್ ಜಿಪಿಎಲ್ ಅನ್ನುವ ಓಪನ್ ಸೋರ್ಸ್ ಲೈಸೆನ್ಸಿನಲ್ಲಿದೆ, ಬೇಕಾದವರು ಫೋರ್ಕ್ ಮಾಡಿ (ತಮ್ಮದೇ ಪ್ರತಿ ಮಾಡಿಕೊಂಡು) ಬೇರೆ ಹೆಸರಿನಲ್ಲಿ ಮುಂದುವರಿಸಬಹುದು.